ಹೊತ್ತು ಮೀರಿ ಬರುವ ಫೋನು

ಚಿಕ್ಕಜಾಜೂರು ಹೆಸರಿಗೆ ಹಳ್ಳಿ, ರೈಲಿನ ಲೆಕ್ಕದಲ್ಲಿ ಜಂಕ್ಷನ್. ಬೆಂಗಳೂರು, ಅರಸೀಕೆರೆ, ಬೀರೂರು ದಾಟಿ ಬರುವ ಹಳಿ ಇಲ್ಲಿಂದ ದಾವಣಗೆರೆ, ಹುಬ್ಬಳ್ಳಿಯತ್ತ ಸಾಗುತ್ತದೆ. ಇನ್ನೊಂದು ಹಳಿ ಕವಲೊಡೆದು ಚಿತ್ರದುರ್ಗ, ರಾಯದುರ್ಗ, ಬಳ್ಳಾರಿಯ ಕಡೆ ಹೊರಳುತ್ತದೆ. ಹಾಗಾಗಿ ಸುತ್ತಲಿನ ಅಡಿಕೆ ತೋಟದ ಮನೆಗಳ ಮಕ್ಕಳು ಓದಿಗೆಂದು ಊರು ಬಿಡುವುದು ಬಹುಮಟ್ಟಿಗೆ ಇದೇ ಪ್ಲಾಟ್‌ಫಾರಂನಿಂದ. ಹಾಸಿಗೆ ಸುತ್ತು, ಚಟ್ನಿಪುಡಿಯ ಡಬ್ಬಿ, ರೊಟ್ಟಿಯ ಗಂಟು. ರೈಲು ಅಲುಗಾಡುವ ಹೊತ್ತಿಗೆ ಕಿಟಕಿಯಿಂದ ಒಂದೆರಡು ಬುದ್ಧಿಮಾತು.

ಅಂಥದೊಂದು ಮನೆಯ ತಂದೆ ಮಗನನ್ನು ದಾವಣಗೆರೆಯ ಕಾಲೇಜಿಗೆ ಕಳಿಸಿದ ದಿನ ಹೆಚ್ಚು ಮಾತಾಡಲಿಲ್ಲ. ಒಂದೇ ಮಾತು ಹೇಳಿದರು: "ನೋಡು ತಮ್ಮಾ, ಫೇಲಾದ್ರೂ ಬಾ, ದುಡ್ಡು ಕಳಕೊಂಡ್ರೂ ಬಾ. ಕುಡಿದೆ ಅಂತ ಗೊತ್ತಾದ್ರೆ ಮಾತ್ರ ಈ ಮನೆ ಮೆಟ್ಟಿಲು ಹತ್ತಬೇಡ."

ಆ ಮಾತಿಗೆ ಕಾರಣವಿತ್ತು. ಅವರ ಅಪ್ಪ ಸಾರಾಯಿಗೆ ಬಿದ್ದು ಎರಡು ಎಕರೆ ಹೊಲ ಕಳೆದವರು. ಕರ್ನಾಟಕದಲ್ಲಿ ಸಾರಾಯಿ ನಿಂತದ್ದು ೨೦೦೭ರ ಜುಲೈ ೧ರಂದು. ಅಷ್ಟು ಹೊತ್ತಿಗೆ ಆ ಮುದುಕರೂ ಇರಲಿಲ್ಲ, ಹೊಲವೂ ಇರಲಿಲ್ಲ. ಪಾಕೀಟು ಸಾರಾಯಿ ಹೋದರೂ ಕುಡಿತ ಹೋಗಲಿಲ್ಲ ಎಂಬುದನ್ನು ಬೇರೆ ಹೇಳಬೇಕಿಲ್ಲ. ಅದೇ ಜನ ವಿಸ್ಕಿ, ರಮ್ಮಿನ ತೊಂಬತ್ತು ಮಿಲಿಲೀಟರಿನ ರಟ್ಟಿನ ಪ್ಯಾಕೆಟ್ಟಿಗೆ ಹೊರಳಿದರು, ಅಷ್ಟೇ. ಹೀಗೆ ಉಂಡು ನೊಂದ ಮನೆಯ ಮಾತಾದ್ದರಿಂದ ಮಗ ಅದನ್ನು ಅಕ್ಷರಶಃ ನಂಬಿದ.

ಎರಡನೇ ವರ್ಷದ ಪರೀಕ್ಷೆ ಮುಗಿದ ಸಂಜೆ ಐವರು ಗೆಳೆಯರು ಎರಡು ಬೈಕಿನಲ್ಲಿ ಊರ ಹೊರಗಿನ ಒಂದು ಬಾರ್ ಅಂಡ್ ರೆಸ್ಟೋರೆಂಟಿಗೆ ಹೋದರು. ಐವರಲ್ಲಿ ಯಾರಿಗೂ ಇಪ್ಪತ್ತೊಂದು ತುಂಬಿರಲಿಲ್ಲ. ಆ ವಯಸ್ಸಿನ ಒಳಗಿನವರಿಗೆ ಮದ್ಯ ಮಾರಬಾರದೆಂಬುದು ರಾಜ್ಯದ ಅಬಕಾರಿ ಪರವಾನಗಿ ನಿಯಮ. ಅದನ್ನು ಹದಿನೆಂಟಕ್ಕೆ ಇಳಿಸಲು ಹೊರಟ ಸರ್ಕಾರ ವಿರೋಧ ಬಂದ ಮೇಲೆ ೨೦೨೩ರ ಜನವರಿಯಲ್ಲಿ ಹಿಂದೆ ಸರಿಯಿತು. ನಿಯಮ ಏನೇ ಇರಲಿ, ಆ ಸಂಜೆ ಯಾರೂ ವಯಸ್ಸು ಕೇಳಲಿಲ್ಲ. ಚಿಕ್ಕಜಾಜೂರಿನ ಹುಡುಗ ಕುಡಿಯಲಿಲ್ಲ. ಸೋಡಾ ಹಿಡಿದು ಶೇಂಗಾ ಮೆಲ್ಲುತ್ತ ಕೂತ. ಉಳಿದವರಲ್ಲಿ ಇಬ್ಬರು ಬಿಯರ್ ತೆಗೆದುಕೊಂಡರು. ಮೂರನೆಯವನು ಕರಾಟೆ ಕಲಿತು ಕಂದು ಬೆಲ್ಟ್ ಪಡೆದವನು. ಅವನೂ ಒಂದಿಷ್ಟು ಕುಡಿದ. ನಾಲ್ಕನೆಯವನದು ಅದೇ ಮೊದಲು. ಪಂದ್ಯ ಕಟ್ಟಿ ಒಂದು ಕ್ವಾರ್ಟರ್ ರಮ್ಮನ್ನು ಗಟಗಟ ಕುಡಿದು, ಮೇಲೊಂದು ಸ್ಟ್ರಾಂಗ್ ಬಿಯರನ್ನೂ ಮುಗಿಸಿದ.

ಇಲ್ಲಿ ಸ್ವಲ್ಪ ಲೆಕ್ಕ ಮಾಡಬೇಕು. ಲೆಕ್ಕ ಗೊತ್ತಿಲ್ಲದೆ ಆಗುವ ಅನಾಹುತವೇ ಹೆಚ್ಚು. ರಮ್ಮಿನ ಬಾಟಲಿಯ ಚೀಟಿಯ ಮೇಲೆ ೪೨.೮ ಶೇಕಡಾ ಎಂದು ಬರೆದಿರುತ್ತದೆ. ೧೮೦ ಮಿಲಿಲೀಟರಿನಲ್ಲಿ ಶುದ್ಧ ಆಲ್ಕೋಹಾಲು ೭೭ ಮಿಲಿಲೀಟರು ಎಂದಾಯಿತು. ಆಲ್ಕೋಹಾಲು ನೀರಿಗಿಂತ ಹಗುರ, ಆದ್ದರಿಂದ ತೂಕದಲ್ಲಿ ಸುಮಾರು ೬೦ ಗ್ರಾಂ. 'ಬಿಯರ್ ಏನು, ಬಾರ್ಲಿ ನೀರು' ಎನ್ನುವವರಿದ್ದಾರೆ. ಶೇಕಡಾ ಎಂಟರ ಸ್ಟ್ರಾಂಗ್ ಬಿಯರಿನ ೬೫೦ ಮಿಲಿಲೀಟರ್ ಬಾಟಲಿಯಲ್ಲಿ ೪೦ ಗ್ರಾಂ ಇರುತ್ತದೆ, ಅಂದರೆ ನಾಲ್ಕು ಸಣ್ಣ ಪೆಗ್ಗಿನಷ್ಟು. ಎರಡೂ ಸೇರಿ ನೂರು ಗ್ರಾಂ. ಅರವತ್ತು ಕಿಲೋ ತೂಕದ ಹುಡುಗನ ಮೈಯ ನೀರಿನಲ್ಲಿ ಇದು ಬೆರೆತರೆ ಪ್ರತಿ ನೂರು ಮಿಲಿಲೀಟರ್ ರಕ್ತದಲ್ಲಿ ೨೪೦ ಮಿಲಿಗ್ರಾಮಿನ ಆಸುಪಾಸು ನಿಲ್ಲುತ್ತದೆ. ವಾಹನ ಓಡಿಸುವವನಿಗೆ ಮೋಟಾರು ವಾಹನ ಕಾಯ್ದೆ ಹಾಕಿರುವ ಮಿತಿ ೩೦ ಮಿಲಿಗ್ರಾಂ.

ಇದನ್ನು ಕರಗಿಸುವುದು ಪಿತ್ತಜನಕಾಂಗದ ಕೆಲಸ. ಅದು ಸರ್ಕಾರಿ ಕಚೇರಿಯ ಗುಮಾಸ್ತನಂತೆ, ಎಷ್ಟು ಅವಸರ ಮಾಡಿದರೂ ತನ್ನ ವೇಗ ಬಿಡುವುದಿಲ್ಲ. ಗಂಟೆಗೆ ಸುಮಾರು ೧೫ ಮಿಲಿಗ್ರಾಂ ಇಳಿದರೆ ಹೆಚ್ಚು. ರಾತ್ರಿ ಹತ್ತಕ್ಕೆ ಕುಡಿದು ಮುಗಿಸಿದವನ ರಕ್ತ ಮರುದಿನ ಮಧ್ಯಾಹ್ನದವರೆಗೂ ತಿಳಿಯಾಗಿರುವುದಿಲ್ಲ. ನಿಂಬೆರಸ, ಮಜ್ಜಿಗೆ, ಕಾಫಿ, ತಲೆಗೆ ತಣ್ಣೀರು ಯಾವುದೂ ಈ ವೇಗವನ್ನು ಕೂದಲೆಳೆಯಷ್ಟೂ ಹೆಚ್ಚಿಸುವುದಿಲ್ಲ. ಕಾಫಿ ಕೊಟ್ಟರೆ ಮಲಗಿದ್ದ ಕುಡುಕ ಎದ್ದು ಕೂತ ಕುಡುಕನಾಗುತ್ತಾನೆ, ಬೈಕಿನ ಕೀಲಿಯನ್ನೂ ಕೇಳುತ್ತಾನೆ.

ಜಗಳ ಹುಟ್ಟಿದ್ದು ಎಲ್ಲ ಕಡೆ ಹುಟ್ಟುವ ಹಾಗೆಯೇ. ಕೈ ತೊಳೆಯಲು ಎದ್ದವನ ಭುಜ ಪಕ್ಕದ ಟೇಬಲ್ಲಿನವನಿಗೆ ತಾಗಿತು, ಗ್ಲಾಸು ಉರುಳಿತು. "ಏನ್ ಗುರಾಯಿಸ್ತೀಯ?" ಎಂದು ಒಬ್ಬ. "ನಿಂಗೇನೀಗ?" ಎಂದು ಇನ್ನೊಬ್ಬ. ಅಷ್ಟರಲ್ಲೇ "ಸಾರಿ ಅಣ್ಣಾ, ಗೊತ್ತಾಗ್ಲಿಲ್ಲ" ಎಂದು ಬಿಲ್ಲಿನ ದುಡ್ಡು ಟೇಬಲ್ಲಿನ ಮೇಲಿಟ್ಟು ಐವರೂ ಹೊರಬಿದ್ದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಕಂದು ಬೆಲ್ಟಿನವನು ಎದ್ದು ನಿಂತ. ತೋಳು ಮಡಚುವಷ್ಟರಲ್ಲಿ ಬಾಟಲಿ ಹುಬ್ಬಿನ ಮೇಲೆ ಬಿದ್ದಿತ್ತು.

ಕರಾಟೆ ಕಲಿತದ್ದು ಸುಳ್ಳಲ್ಲ, ಅದು ಯಾಕೆ ಕೈಕೊಟ್ಟಿತು ಎಂಬುದಕ್ಕೆ ಶಾಲೆಯ ಸ್ಕೇಲೊಂದು ಸಾಕು. ಮೂವತ್ತು ಸೆಂಟಿಮೀಟರಿನ ಸ್ಕೇಲನ್ನು ಒಬ್ಬರು ನೆಟ್ಟಗೆ ಮೇಲೆ ಹಿಡಿಯಲಿ. ಇನ್ನೊಬ್ಬರು ಸೊನ್ನೆಯ ಗುರುತಿನ ಬಳಿ ಬೆರಳು ತೆರೆದಿಟ್ಟು, ಬಿಟ್ಟ ಕೂಡಲೇ ಹಿಡಿಯಲಿ. ಚುರುಕಾದ ಹುಡುಗನಾದರೂ ಸುಮಾರು ಇಪ್ಪತ್ತು ಸೆಂಟಿಮೀಟರ್ ಜಾರಿದ ಮೇಲೆಯೇ ಹಿಡಿದಾನು. ಇಪ್ಪತ್ತು ಸೆಂಟಿಮೀಟರ್ ಬೀಳಲು ಬೇಕಾದ ಕಾಲ ಒಂದು ಸೆಕೆಂಡಿನ ಐದನೆಯ ಒಂದು ಭಾಗ. ಕಣ್ಣು ಕಂಡು, ಮೆದುಳು ತಿಳಿದು, ಬೆರಳು ಮಡಚಲು ಅಷ್ಟು ಹೊತ್ತು ಬೇಕೇ ಬೇಕು. ಅದೂ ಎಚ್ಚರವಿದ್ದು, ಸ್ಕೇಲು ಬೀಳುತ್ತದೆಂದು ಕಾದು ಕೂತಾಗ. ಒಂದು ತೋಳಿನಳತೆಯಲ್ಲಿ ನಿಂತವನ ಕೈ ಮುಖಕ್ಕೆ ಬರಲು ಹೆಚ್ಚುಕಡಿಮೆ ಅಷ್ಟೇ ಕಾಲ ಹಿಡಿಯುತ್ತದೆ. ಹೊಟ್ಟೆಯೊಳಗೆ ಎರಡು ಪೆಗ್ ಇದ್ದರೆ ಸ್ಕೇಲು ನೆಲಕ್ಕೇ ಬಿದ್ದೀತು. ಆದ್ದರಿಂದ ಅಂಥ ಜಾಗದಲ್ಲಿ ರಕ್ಷಣೆ ಕೊಡುವುದು ಮುಷ್ಟಿಯಲ್ಲ, ದೂರ. ಎರಡು ತೋಳಿನಳತೆ ಹಿಂದೆ ಸರಿದು, ಅಂಗೈ ತೆರೆದು ತೋರಿಸಿ, ಬಾಗಿಲಿನ ಕಡೆ ನಡೆದವನಿಗೆ ಬಾಟಲಿ ತಾಗುವುದು ಕಷ್ಟ. ನಿಜವಾಗಿ ಚೆನ್ನಾಗಿ ಕಲಿಸುವ ಕರಾಟೆ ಗುರುಗಳೂ ಮೊದಲು ಹೇಳಿಕೊಡುವುದು ಇದನ್ನೇ. ಮಕ್ಕಳಿಗೆ ನೆನಪಿರುವುದು ಹೆಂಚು ಒಡೆಯುವುದು ಮಾತ್ರ.

ಕಾನೂನೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ. ಆತ್ಮರಕ್ಷಣೆ ಪ್ರತಿಯೊಬ್ಬರ ಹಕ್ಕು. ಹಿಂದೆ ಭಾರತ ದಂಡ ಸಂಹಿತೆಯ ೯೬ರಿಂದ ೧೦೬ನೆಯ ಕಲಮುಗಳಲ್ಲಿ ಇದ್ದದ್ದು ೨೦೨೪ರ ಜುಲೈ ೧ರಿಂದ ಭಾರತೀಯ ನ್ಯಾಯ ಸಂಹಿತೆಯ ೩೪ರಿಂದ ೪೪ನೆಯ ಕಲಮುಗಳಲ್ಲಿದೆ. ಆದರೆ ತಪ್ಪಿಸಿಕೊಳ್ಳಲು ಬೇಕಾದ್ದಕ್ಕಿಂತ ಹೆಚ್ಚು ಪೆಟ್ಟು ಕೊಡುವಂತಿಲ್ಲ. ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಆ ಹಕ್ಕು ಬರುವುದೇ ಇಲ್ಲ. ತಾನಾಗಿಯೇ ಕುಡಿದವನು 'ಅಮಲಿನಲ್ಲಿದ್ದೆ, ತಿಳಿಯಲಿಲ್ಲ' ಎಂದರೆ ನ್ಯಾಯಾಲಯ ಅದನ್ನು ನೆಪವಾಗಿ ಒಪ್ಪುವುದಿಲ್ಲ. ಒಂದು ತಳ್ಳಾಟದ ಕೇಸು ಮೈಮೇಲೆ ಬಿದ್ದರೆ ನಾಳೆ ಪಾಸ್‌ಪೋರ್ಟು, ಸರ್ಕಾರಿ ನೌಕರಿ ಎಂದು ಅಲೆಯುವಾಗ ಅದರ ಬಿಸಿ ಗೊತ್ತಾಗುತ್ತದೆ.

ಆ ರಾತ್ರಿಯ ದೊಡ್ಡ ಅಪಾಯ ಬಾಟಲಿಯದಾಗಿರಲಿಲ್ಲ. ರಕ್ತ ಸುರಿಯುತ್ತಿದ್ದವನನ್ನು ನೋಡಿ ಎಲ್ಲರೂ ಅವನ ಹಿಂದೆ ಬಿದ್ದರು. ರಮ್ ಕುಡಿದವನು ತೂಕಡಿಸುತ್ತಿದ್ದ. ಅವನನ್ನು ಆಟೋದಲ್ಲಿ ರೂಮಿಗೆ ತಂದು, ಚಾಪೆಯ ಮೇಲೆ ಅಂಗಾತ ಮಲಗಿಸಿ, ಫ್ಯಾನ್ ಹಾಕಿ, 'ನಿದ್ದೆ ಮಾಡಿದ್ರೆ ಸರಿಹೋಗ್ತಾನೆ' ಎಂದು ಬಾಗಿಲು ಎಳೆದುಕೊಂಡು ಆಸ್ಪತ್ರೆಗೆ ಹೊಲಿಗೆ ಹಾಕಿಸಲು ಹೋದರು. ಹೊರಡುವ ಮೊದಲು ಚಿಕ್ಕಜಾಜೂರಿನ ಹುಡುಗನಿಗೆ ಏನೋ ಸರಿಯಿಲ್ಲ ಅನ್ನಿಸಿತು. ಕೂಗಿದರೆ ಗೆಳೆಯ ಓಗೊಡುತ್ತಿರಲಿಲ್ಲ. ಹುಡುಗ ಜೇಬಿನಿಂದ ಫೋನು ತೆಗೆದ, 'ಅಪ್ಪಾಜಿ' ಎಂಬ ಹೆಸರಿನವರೆಗೆ ಹೋದ. ಹನ್ನೊಂದೂವರೆ. ಎಲ್ಲಿದ್ದೀಯ ಎಂದು ಕೇಳಿದರೆ ಏನು ಹೇಳುವುದು? ಫೋನು ಜೇಬಿಗೆ ಹೋಯಿತು.

'ನಿದ್ದೆ ಮಾಡಿದರೆ ಸರಿಹೋಗುತ್ತಾನೆ' ಎಂಬಷ್ಟು ಅಪಾಯದ ಮಾತು ಈ ವಿಷಯದಲ್ಲಿ ಇನ್ನೊಂದಿಲ್ಲ. ಕೊನೆಯ ಗುಟುಕು ಇಳಿದ ಮೇಲೂ ಹೊಟ್ಟೆ, ಕರುಳಿನಲ್ಲಿರುವ ಮದ್ಯ ರಕ್ತಕ್ಕೆ ಏರುತ್ತಲೇ ಇರುತ್ತದೆ. ಮಲಗಿಸಿದಾಗ ಇದ್ದದ್ದಕ್ಕಿಂತ ಒಂದು ಗಂಟೆಯ ನಂತರ ಅಮಲು ಹೆಚ್ಚಿರಬಹುದು. ಏನಾದರೂ ಗಂಟಲಿಗೆ ಸಿಕ್ಕಿದರೆ ಕೆಮ್ಮಿ ಹೊರಹಾಕುವ ಸಹಜ ಎಚ್ಚರವನ್ನು ಆಲ್ಕೋಹಾಲು ಮಂಕು ಮಾಡುತ್ತದೆ. ಅಂಗಾತ ಮಲಗಿದವನು ವಾಂತಿ ಮಾಡಿಕೊಂಡರೆ ಅದು ಶ್ವಾಸನಾಳಕ್ಕೆ ಇಳಿಯುತ್ತದೆ. ಉಸಿರು ನಡೆಸುವ ಮೆದುಳಿನ ಭಾಗವೂ ನಿಧಾನವಾಗುತ್ತದೆ. ಅಂಥವನನ್ನು ಪಕ್ಕಕ್ಕೆ ಹೊರಳಿಸಬೇಕು. ಮೇಲಿನ ಮೊಣಕಾಲು ಮಡಚಿ ಮುಂದಕ್ಕೆ ಊರಿಸಿ, ಕೆನ್ನೆಯ ಕೆಳಗೆ ಅವನದೇ ಕೈ ಇಟ್ಟು, ಬಾಯಿ ನೆಲದ ಕಡೆ ವಾಲುವಂತೆ ಮಾಡಬೇಕು. ಒಬ್ಬರು ಪಕ್ಕದಲ್ಲೇ ಕೂತಿರಬೇಕು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಾರದು, ತಣ್ಣೀರು ಸುರಿಯಬಾರದು. ಚಿವುಟಿದರೂ ಏಳದಿದ್ದರೆ, ಉಸಿರು ನಿಮಿಷಕ್ಕೆ ಎಂಟಕ್ಕಿಂತ ಕಡಿಮೆಯಾದರೆ, ಎರಡು ಉಸಿರಿನ ನಡುವೆ ಹತ್ತು ಸೆಕೆಂಡು ಬಿಡುವು ಬಂದರೆ, ಮೈ ತಣ್ಣಗಾಗಿ ತುಟಿ ನೀಲಿಗಟ್ಟಿದರೆ, ಫಿಟ್ಸ್ ಬಂದರೆ ಕಾಯುವುದಲ್ಲ, ೧೦೮ಕ್ಕೆ ಫೋನ್ ಮಾಡುವುದು.

ಹುಡುಗನನ್ನು ಉಳಿಸಿದವರು ಪಕ್ಕದ ಮನೆಯ ಆಟೋದವರು. ರಾತ್ರಿ ಒಂದು ಗಂಟೆಗೆ ಬಂದು ಗಾಡಿ ನಿಲ್ಲಿಸುವಾಗ ಒಳಗಿನಿಂದ ಗೊರಗೊರ ಸದ್ದು ಕೇಳಿತು. ಅದು ಗೊರಕೆಯಲ್ಲ ಎಂದು ಅವರಿಗೆ ತಿಳಿಯಿತು. ಹೇಗೆ ತಿಳಿಯಿತು ಎಂದು ಆಮೇಲೆ ಕೇಳಿದವರಿಗೆ "ನಮ್ ತಮ್ಮ ಹಂಗೇ ಹೋದ ಸ್ವಾಮಿ" ಎಂದಷ್ಟೇ ಹೇಳಿದರು. ಅವರು ಬಾಗಿಲು ತಳ್ಳಿ, ಹುಡುಗನನ್ನು ಪಕ್ಕಕ್ಕೆ ಹೊರಳಿಸಿ, ಬೆರಳಿಗೆ ಬಟ್ಟೆ ಸುತ್ತಿ ಬಾಯಿಯಲ್ಲಿ ಕಾಣುತ್ತಿದ್ದ ವಾಂತಿಯನ್ನು ಒರೆಸಿ ತೆಗೆದು, ಆಂಬುಲೆನ್ಸ್ ಕರೆದರು. ಮೂರು ದಿನದ ಮೇಲೆ ಹುಡುಗ ಗಂಜಿ ಕುಡಿದ.

ಸುದ್ದಿ ಚಿಕ್ಕಜಾಜೂರಿಗೆ ಮುಟ್ಟಿದಾಗ ಬೆಳಗಾಗಿತ್ತು. ತಂದೆ ಸಿಕ್ಕ ರೈಲು ಹತ್ತಿ ಬಂದರು. ಆಸ್ಪತ್ರೆಯ ಕಾರಿಡಾರಿನಲ್ಲಿ ಮಗ ಗೋಡೆಗೆ ಒರಗಿ ಕೂತಿದ್ದ. ಅವರು ಬೈಯಲಿಲ್ಲ. ಬಹಳ ಹೊತ್ತಿನ ಮೇಲೆ ಕೇಳಿದರು:

"ನಂಗ್ಯಾಕೆ ಫೋನ್ ಮಾಡ್ಲಿಲ್ಲ?"

"ನೀವೇ ಹೇಳಿದ್ರಲ್ಲಪ್ಪಾಜಿ, ಮೆಟ್ಟಿಲು ಹತ್ತಬೇಡ ಅಂತ."

"ನೀನು ಕುಡಿದಿರಲಿಲ್ಲವಲ್ಲೋ!"

"ಕುಡಿಯೋ ಜಾಗದಾಗಿದ್ನಲ್ಲ."

ಆ ತಂದೆಗೆ ಉತ್ತರ ಹೊಳೆಯಲಿಲ್ಲ. ತಮ್ಮ ಅಪ್ಪನ ಮೇಲಿನ ಸಿಟ್ಟನ್ನು ಮಗನ ಕಿವಿಗೆ ಸುರಿದು ಕಳಿಸಿದ್ದೆ, ಅದು ಮಗನನ್ನು ಮದ್ಯದಿಂದ ದೂರವಿಟ್ಟದ್ದೂ ನಿಜ, ತಮ್ಮಿಂದ ದೂರವಿಟ್ಟದ್ದೂ ನಿಜ ಎಂದು ಅವರು ಆಮೇಲೆ ಹೆಂಡತಿಯ ಹತ್ತಿರ ಹೇಳಿಕೊಂಡರಂತೆ. ಕುಡಿಯಬೇಡ ಎನ್ನುವುದು ಒಂದು ಮಾತು. ಆಪತ್ತಿನಲ್ಲಿ ನನ್ನನ್ನು ಕರೆಯಬೇಡ ಎನ್ನುವುದು ಬೇರೆಯೇ ಮಾತು. ಹೇಳುವವರಿಗೆ ಈ ವ್ಯತ್ಯಾಸ ತಿಳಿದಿರುತ್ತದೆ. ಹತ್ತೊಂಬತ್ತು ವರ್ಷದ ಕಿವಿಗೆ ಎರಡೂ ಒಂದೇ ಆಗಿ ಕೇಳಿಸುತ್ತದೆ.

ಆ ಮನೆಯಲ್ಲಿ ಮಗಳೂ ಇದ್ದಾಳೆ. ಚಿತ್ರದುರ್ಗದಲ್ಲಿ ಪಿಯುಸಿ, ಮುಂದೆ ಬೆಂಗಳೂರಿನ ಕನಸು. ಅಣ್ಣನ ಕತೆ ಕೇಳಿ ಅವಳು ಒಂದೇ ಪ್ರಶ್ನೆ ಹಾಕಿದಳು: "ನಾನು ಅಂಥ ಕಡೆ ಸಿಕ್ಕಿಹಾಕಿಕೊಂಡ್ರೆ ಫೋನ್ ಮಾಡಬೋದಾ?" ತಾಯಿ ಥಟ್ಟನೆ "ನೀನ್ಯಾಕೆ ಅಲ್ಲಿಗೆ ಹೋಗ್ತೀಯ?" ಎಂದರು.

ಹೆಣ್ಣುಮಕ್ಕಳ ವಿಷಯದಲ್ಲಿ ಎಲ್ಲರಿಂದಲೂ ಮೊದಲು ಬರುವ ಪ್ರಶ್ನೆ ಅದೇ. ೨೦೦೯ರ ಜನವರಿ ೨೪ರಂದು ಮಂಗಳೂರಿನ ಪಬ್ ಒಂದಕ್ಕೆ ನುಗ್ಗಿದ ಗುಂಪು ಅಲ್ಲಿದ್ದ ಯುವತಿಯರನ್ನು ಹೊಡೆದು ಅಟ್ಟಿಸಿಕೊಂಡು ಹೋದದ್ದನ್ನು ದೇಶವೆಲ್ಲ ಟಿ.ವಿ.ಯಲ್ಲಿ ನೋಡಿತು. ೨೦೧೮ರಲ್ಲಿ ಸಾಕ್ಷ್ಯ ಸಾಲದೆ ಆರೋಪಿಗಳು ಖುಲಾಸೆಯಾದರು. ೨೦೧೬ರ ಡಿಸೆಂಬರ್ ೩೧ರ ರಾತ್ರಿ ಬೆಂಗಳೂರಿನ ಬ್ರಿಗೇಡ್ ರಸ್ತೆ, ಎಂ.ಜಿ. ರಸ್ತೆಯ ಹೊಸ ವರ್ಷದ ಜನಜಂಗುಳಿಯಲ್ಲಿ ಹುಡುಗಿಯರ ಮೈಮೇಲೆ ಕೈಹಾಕಿದ ಸುದ್ದಿಗಳು ಬಂದವು. ಎರಡು ಸಲವೂ ಕೈ ಮಾಡಿದವರಿಗಿಂತ ಹುಡುಗಿಯರ ಹೊತ್ತು, ಉಡುಪುಗಳ ಮೇಲೆಯೇ ಹೆಚ್ಚು ಚರ್ಚೆ ನಡೆಯಿತು. ಇದನ್ನೆಲ್ಲ ಕೇಳಿ ಬೆಳೆದ ಹುಡುಗಿ ಆಪತ್ತು ಬಂದಾಗ ಮನೆಗೆ ಫೋನ್ ಮಾಡದಿದ್ದರೆ ಆಶ್ಚರ್ಯವೇನು? ಪೊಲೀಸು, ಅಗ್ನಿಶಾಮಕ, ವೈದ್ಯಕೀಯ ಯಾವ ನೆರವಿಗಾದರೂ ೧೧೨ ಇದೆ, ರೈಲಿನಲ್ಲಿದ್ದರೆ ೧೩೯ ಇದೆ. ಆದರೆ ಭಯದಲ್ಲಿರುವ ಮಗುವಿನ ಬೆರಳು ಮೊದಲು ಹುಡುಕುವುದು ಅಪ್ಪ ಅಮ್ಮನ ಹೆಸರನ್ನೇ.

ಚಿತ್ರದುರ್ಗದ ನೆಲದಲ್ಲಿ ಆತ್ಮರಕ್ಷಣೆ ಎಂದ ಕೂಡಲೇ ಒನಕೆ ಓಬವ್ವ ನೆನಪಾಗುತ್ತಾಳೆ. ಸಮಾಜ ಕಲ್ಯಾಣ ಇಲಾಖೆಯ ವಸತಿ ಶಾಲೆಯ ಹೆಣ್ಣುಮಕ್ಕಳಿಗೆ ಕೊಡಿಸುವ ಆತ್ಮರಕ್ಷಣೆಯ ತರಬೇತಿಗೂ ಅವಳ ಹೆಸರೇ. ಹೈದರಾಲಿಯ ಸೈನಿಕರನ್ನು ಒನಕೆಯಿಂದ ಬಡಿದಳು ಎಂಬಲ್ಲಿಗೆ ಮಕ್ಕಳು ಕತೆ ನಿಲ್ಲಿಸುತ್ತಾರೆ. ಕೋಟೆಗೆ ಹೋದಾಗ ಆ ಕಿಂಡಿಯ ಮುಂದೆ ಐದು ನಿಮಿಷ ನಿಂತು ನೋಡಬೇಕು. ಒಬ್ಬ ಮನುಷ್ಯ ತಲೆ ಬಗ್ಗಿಸಿ ತೆವಳಿ ಬರುವಷ್ಟೇ ಜಾಗ. ಬಯಲಲ್ಲಿ ಅಷ್ಟು ಜನರ ಎದುರು ಒನಕೆ ಏನು ಮಾಡೀತು? ಅವಳು ಆರಿಸಿಕೊಂಡ ಜಾಗ ಅರ್ಧ ಯುದ್ಧ ಗೆದ್ದುಕೊಟ್ಟಿತ್ತು. ಕಹಳೆಯ ಗಂಡ ಊಟಕ್ಕೆ ಕೂತಿದ್ದ, ಎಬ್ಬಿಸಲಿಲ್ಲ ಎನ್ನುತ್ತದೆ ಕತೆ. ಈಗಿನ ಮಕ್ಕಳು ಕತೆಯ ಆ ಭಾಗವನ್ನು ಮಾತ್ರ ಅನುಸರಿಸದಿದ್ದರೆ ಒಳ್ಳೆಯದು. ಎಬ್ಬಿಸಬೇಕು.

ಜಾಗ ಆರಿಸುವ ಬುದ್ಧಿ ಇಂದಿಗೂ ಅದೇ, ಸ್ವಲ್ಪ ತಿರುವುಮುರುವು ಅಷ್ಟೇ. ಜನ ಕುಡಿಯುವ ಕಡೆ, ಅದು ಮದುವೆಯ ಹಿತ್ತಲಾಗಲಿ, ಡಾಬಾ ಆಗಲಿ, ನಗರದ ಪಬ್ ಆಗಲಿ, ಮೂಲೆಯಲ್ಲಿ ಸಿಕ್ಕಿಕೊಳ್ಳದೆ ಬಾಗಿಲು ಕಾಣುವ ಕಡೆ ಕೂರುವುದು. ತನ್ನ ಲೋಟ ತನ್ನ ಕಣ್ಣೆದುರೇ ತುಂಬಿಸಿಕೊಳ್ಳುವುದು, ಬಿಟ್ಟು ಎದ್ದು ಹೋದರೆ ಮರಳಿ ಅದನ್ನು ಮುಟ್ಟದಿರುವುದು, ತಂಪು ಪಾನೀಯವಾದರೂ ಸರಿ. ಸೀಲ್ ಇಲ್ಲದ ಅಗ್ಗದ ಮದ್ಯದ ಸಂಗತಿಯಂತೂ ಹೇಳಲೇಬೇಕು. ೧೯೮೧ರಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಅಂಥ ಸಾವುಗಳ ಹಿಂದಿರುವುದು ಮೆಥನಾಲ್. ರುಚಿ, ವಾಸನೆಯಲ್ಲಿ ಅದರ ವ್ಯತ್ಯಾಸ ತಿಳಿಯದು. ಪಿತ್ತಜನಕಾಂಗ ಅದನ್ನು ಫಾರ್ಮಿಕ್ ಆಮ್ಲವಾಗಿ ಮಾಡುತ್ತದೆ, ಅದು ಕಣ್ಣಿನ ನರವನ್ನು ಸುಡುತ್ತದೆ. ಮರುದಿನ ಕಣ್ಣು ಮಂಜಾದರೆ ಅದು ಹ್ಯಾಂಗೋವರ್ ಅಲ್ಲ, ಆಸ್ಪತ್ರೆಗೆ ಓಡಬೇಕಾದ ಹೊತ್ತು. ಬೈಕಿನ ಕೀಲಿ ಕುಡಿಯದವನ ಜೇಬಿನಲ್ಲಿರಬೇಕು ಮತ್ತು ಅದನ್ನು ಒಳಗೆ ಹೋಗುವ ಮೊದಲೇ ತೀರ್ಮಾನಿಸಿರಬೇಕು. ನಲವತ್ತರ ವೇಗದಲ್ಲಿ ಬೈಕು ಸೆಕೆಂಡಿಗೆ ಹನ್ನೊಂದು ಮೀಟರು ಓಡುತ್ತದೆ. ಸ್ಕೇಲು ಹಿಡಿಯಲಾಗದ ಕೈ ಬ್ರೇಕು ಹಿಡಿದೀತೆ?

ಆ ಮನೆಯಲ್ಲಿ ಈಗ ಹೊಸ ಕರಾರು ಇದೆ. ತಾಯಿಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಹೀಗೆ ಸಲಿಗೆ ಕೊಟ್ಟರೆ ಮಕ್ಕಳು ಕೆಡುವುದಿಲ್ಲವೇ ಎಂದು ಈಗಲೂ ಕೇಳುತ್ತಾರೆ. ಅವರ ಮಾತನ್ನು ತಳ್ಳಿಹಾಕುವಂತೆಯೂ ಇಲ್ಲ. ಕರಾರು ಇಷ್ಟೇ: ಎಷ್ಟು ಹೊತ್ತಾದರೂ, ಎಲ್ಲಿದ್ದರೂ ಫೋನ್ ಮಾಡಬಹುದು. ಆ ರಾತ್ರಿ ಏನೂ ಕೇಳುವುದಿಲ್ಲ. ಮಾತು, ಬೈಗುಳ ಏನಿದ್ದರೂ ಮರುದಿನ, ತಿಂಡಿ ಆದ ಮೇಲೆ. ಕುಡಿಯಬಾರದು ಎಂಬ ಹಳೆಯ ಮಾತು ಹಾಗೆಯೇ ಇದೆ. ಮೆಟ್ಟಿಲಿನ ಮಾತು ಮಾತ್ರ ಹೋಯಿತು.

ಕಾರ್ತೀಕದ ಒಂದು ರಾತ್ರಿ ಹತ್ತೂ ಮುಕ್ಕಾಲಿಗೆ ಫೋನು ಬಂತು. "ಅಪ್ಪಾಜಿ, ಇಲ್ಲಿ ಸ್ವಲ್ಪ ಗಲಾಟೆ ಆಗೋ ಹಂಗಿತ್ತು, ಎದ್ದು ಬಂದೆ. ರೈಲಲ್ಲಿದ್ದೀನಿ." ತಂದೆ ತಲೆಗೆ ಟವೆಲ್ ಸುತ್ತಿಕೊಂಡು ಹಳೆಯ ಬೈಕು ಹತ್ತಿ ಸ್ಟೇಷನ್ನಿಗೆ ಬಂದರು. ಚಳಿ ಇತ್ತು. ಪ್ಲಾಟ್‌ಫಾರಂನ ಬೆಂಚಿನ ಮೇಲೆ ಯಾರೋ ಕಂಬಳಿ ಹೊದ್ದು ಮಲಗಿದ್ದರು. ರೈಲು ಬಂದು ನಿಂತಿತು. ಮಗ ಇಳಿದ. ತಂದೆ ಅವನ ಚೀಲ ತೆಗೆದುಕೊಂಡರು.

"ಊಟ ಆಯ್ತಾ?"

"ಇಲ್ಲ."

"ನಿಮ್ಮವ್ವ ಎದ್ದಿದಾಳೆ, ಬಾ."